ಜ್ವರಗಡ್ಡೆ

ನಮ್ಮ ತಾಯಿಯವರ ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳು ಮುಗಿಯುವ ಎಡೆಯ ಕೆಳಗೆ, ಬೆರಳುದ್ದದ ಮೂರು ಗೆರೆಗಳಿದ್ದುವು. ಸುಟ್ಟು ಮಾಗಿದ ಚರ್ಮದ ನುಣುಪಾದ ಗೆರೆಗಳು. ಅವನ್ನು ನಾನು ಮೊದಲು ಕಂಡದ್ದು 1958ರಲ್ಲಿ, ನನಗೆ ಎಂಟು ವರ್ಷವಾಗಿದ್ದಾಗ. ತಂಗಿ ಹುಟ್ಟಿದ ಹೊಸತು. ಬಾಣಂತಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಮುದುಕಿ ಅಂದು ಬಚ್ಚಲಮನೆಯ ಬಾಗಿಲನ್ನು ಸರಿಯಾಗಿ ಮುಚ್ಚಿರಲಿಲ್ಲ. ನಾನು ಯಾವುದೋ ನೆಪದಲ್ಲಿ ಅತ್ತ ಸುಳಿದವನು ನೋಡಿಬಿಟ್ಟೆ. ಸಂಜೆ ಹೂವು ಕಟ್ಟುತ್ತ ಕುಳಿತಿದ್ದಾಗ ಕೇಳಿದೆ. ಗದರಿಸಿಯಾರೆಂದುಕೊಂಡಿದ್ದೆ. ಅವರು ಗದರಿಸಲಿಲ್ಲ.

"ಜ್ವರಗಡ್ಡೆಗೆ ಹಾಕಿದ ಬರೆ ಕಣೋ. ತಗಡೂರಿನಲ್ಲಿದ್ದಾಗ" ಎಂದು ಹೇಳಿ, ದಾರವನ್ನು ಹಲ್ಲಿನಲ್ಲಿ ಕಡಿದು, ಮಾತನ್ನೂ ಅಲ್ಲಿಗೇ ಕಡಿದರು.

ತಗಡೂರು ನಮ್ಮ ತಾಯಿಯವರ ತವರು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯ ಊರು. ಹಳೆಯ ಮೈಸೂರಿನವರಿಗೆ ಆ ಹೆಸರು ಪರಿಚಿತವಾಗಿರುವುದು ಖಾದಿಗಾಗಿ, ಸ್ವಾತಂತ್ರ್ಯ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರಿಗಾಗಿ. ತಾಯಿಯವರಿಗೂ ಆ ಬಗ್ಗೆ ಹೆಮ್ಮೆಯಿದ್ದಿತು. ನಮ್ಮೂರು ನೂಲಿನ ಊರು ಎಂದು ಬಂದವರೊಡನೆಲ್ಲ ಹೇಳುವರು. ಆದರೆ ತಮ್ಮ ಬಾಲ್ಯದ ವಿಷಯ ಬಂದಾಗ ಅವರ ಬಾಯಿಂದ ಹೊರಡುತ್ತಿದ್ದ ಮೊದಲ ಮಾತು ನೂಲಲ್ಲ, ಚಳಿಜ್ವರ.

ಕಪಿಲೆಯ ಸೀಮೆಯೆಂದರೆ ನೀರಿನ ಸೀಮೆ. ಹುಲ್ಲಹಳ್ಳಿ, ರಾಂಪುರಗಳ ಹಳೆಯ ಅಣೆಕಟ್ಟೆಗಳು, ಕಾಲುವೆಗಳು, ಕೆರೆಗಳು, ಅವುಗಳ ಕೆಳಗಿನ ಗದ್ದೆಗಳು. ಎಲ್ಲಿ ತಿಳಿನೀರು ನಿಧಾನವಾಗಿ ಹರಿದು ಗದ್ದೆಯ ಬದುವಿನಲ್ಲಿ ತಂಗುವುದೋ ಅಲ್ಲಿ ಅನಾಫಿಲೀಸ್ ಸೊಳ್ಳೆಗೆ ಸುಗ್ಗಿ. ದಿನ ಬಿಟ್ಟು ದಿನ, ಹೊತ್ತಿಗೆ ಸರಿಯಾಗಿ, ನೆಂಟರು ಬಂದಂತೆ ಚಳಿ ಬರುತ್ತಿತ್ತಂತೆ. ಮನೆಯ ಕಂಬಳಿಗಳೆಲ್ಲ ಒಬ್ಬರ ಮೇಲೊಬ್ಬರಿಗೆ ಸಾಲದೆ ಹೋಗುತ್ತಿದ್ದುವಂತೆ. ಜ್ವರ ಬಿಟ್ಟ ಮೇಲೂ ಮಕ್ಕಳ ಹೊಟ್ಟೆ ಎಡಗಡೆ ಉಬ್ಬಿ ಗಟ್ಟಿಯಾಗಿಯೇ ಉಳಿಯುವುದು. ಅದಕ್ಕೆ ಜನ ಇಟ್ಟ ಹೆಸರು ಜ್ವರಗಡ್ಡೆ.

ಗಡ್ಡೆಯೆಂದರೆ ಹೊರಗಿನಿಂದ ಬಂದು ಕುಳಿತ ಶತ್ರು. ಹೀಗೆಂದು ತಿಳಿದ ಮೇಲೆ ಅದನ್ನು ಓಡಿಸಬೇಡವೆ? ಪಕ್ಕದ ಹಳ್ಳಿಯಿಂದ ಬರೆ ಹಾಕುವವನೊಬ್ಬನನ್ನು ಕರೆಸಿದರು. ತಾಯಿಯವರಿಗೆ ಆಗ ಆರು ವರ್ಷ. ಅಂದರೆ 1931ರ ಮಾತು. ಅಜ್ಜ ಎರಡು ಕೈಗಳನ್ನೂ ಸೋದರಮಾವ ಎರಡು ಕಾಲುಗಳನ್ನೂ ಹಿಡಿದರು. ಒಲೆಯಲ್ಲಿ ಕಾಯಿಸಿದ ಕಬ್ಬಿಣದ ಕಡ್ಡಿ. ಮೂರು ಎಳೆತ. ಬರೆ ಹಾಕಿದವನಿಗೆ ಎಲೆಅಡಕೆ, ಎರಡು ಸೇರು ರಾಗಿ. "ಅವನೂ ಪಾಪದವನೇ. ಕಣ್ಣಲ್ಲಿ ನೀರು ಹಾಕಿಕೊಂಡೇ ಹಾಕಿದ" ಎಂದು ಎಷ್ಟೋ ವರ್ಷಗಳ ನಂತರ ತಾಯಿಯವರು ಹೇಳಿದುದುಂಟು. ಗಡ್ಡೆ ಮಾತ್ರ ಹೋಗಲಿಲ್ಲ.

ಈ ಗಡ್ಡೆ ಗಡ್ಡೆಯಲ್ಲ. ಅದು ನಮ್ಮೆಲ್ಲರ ಮೈಯಲ್ಲಿಯೂ ಹುಟ್ಟಿನಿಂದಲೇ ಇರುವ ಒಂದು ಅವಯವ. ಶಾಲೆಯ ಪುಸ್ತಕಗಳು ಅದನ್ನು ಗುಲ್ಮವೆನ್ನುತ್ತವೆ. ಆಯುರ್ವೇದದವರು ಈ ಹೆಸರನ್ನು ಒಪ್ಪಲಾರರು. ಅವರಲ್ಲಿ ಗುಲ್ಮವೆಂದರೆ ಹೊಟ್ಟೆಯೊಳಗಿನ ಗಂಟು, ಅವಯವದ ಹೆಸರು ಪ್ಲೀಹ. ರಕ್ತವನ್ನು ಒಯ್ಯುವ ನಾಳಗಳಿಗೆ ಯಕೃತ್ತೂ ಪ್ಲೀಹವೂ ಮೂಲವೆಂದು ಚರಕಸಂಹಿತೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಈ ಅವಯವದ ಹೆಸರಿಗೆ ಸಿಡುಕುತನವೆಂಬ ಅರ್ಥವೂ ಅಂಟಿಕೊಂಡಿದೆ. ನಾವು ಸಿಟ್ಟಿಗೆ ಪಿತ್ತವನ್ನು ದೂರಿದರೆ ಅವರು ಗುಲ್ಮವನ್ನು ದೂರಿದರು. ಒಟ್ಟಿನಲ್ಲಿ ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಈ ಬಡಪಾಯಿಗೆ ಒಳ್ಳೆಯ ಹೆಸರು ಬರಲೇ ಇಲ್ಲ.

ಬ್ರಿಟಿಷರ ಕಾಲದ ವೈದ್ಯರು ಅದರಿಂದ ಬೇರೊಂದು ಕೆಲಸ ತೆಗೆದುಕೊಂಡರು. ಉತ್ತರ ಹಿಂದೂಸ್ಥಾನದ ಕಾಲುವೆಗಳ ಬದಿಯ ಹಳ್ಳಿಗಳಲ್ಲಿ ಜ್ವರ ಎಷ್ಟಿದೆಯೆಂದು ತಿಳಿಯಲು 1840ರ ದಶಕದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಕಂಡುಕೊಂಡ ಉಪಾಯ ಬಹು ಸರಳವಾದುದು: ಊರಿನವರನ್ನು ಸಾಲಾಗಿ ನಿಲ್ಲಿಸುವುದು, ಎಡಪಕ್ಕೆಯ ಕೆಳಗೆ ಬೆರಳಿಡುವುದು, ಎಷ್ಟು ಮಂದಿಗೆ ಗುಲ್ಮ ಕೈಗೆ ಸಿಕ್ಕಿತೆಂದು ಎಣಿಸುವುದು. ರೋನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡದ್ದು 1897ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ಕಾರಣ ತಿಳಿಯದಿದ್ದರೂ ಲೆಕ್ಕ ಸಿಕ್ಕಿತ್ತು. ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಮಲೇರಿಯಾದ ಶೋಧನೆಗೆ ತೊಡಗಿದಾಗಲೂ ಮಕ್ಕಳ ಗುಲ್ಮವೇ ವೈದ್ಯರ ಮುಖ್ಯವಾದ ಅಳತೆಗೋಲು. ಒಂದು ಹಳ್ಳಿಯ ಆರೋಗ್ಯವನ್ನು ಅದರ ಮಕ್ಕಳ ಎಡಪಕ್ಕೆಯಲ್ಲಿ ಓದುತ್ತಿದ್ದರು.

ಓದಿನಲ್ಲಿ ತಪ್ಪೂ ಆಗಬಹುದು. ಆ ವಿಷಯಕ್ಕೆ ಬರುತ್ತೇನೆ.

ತಾಯಿಯವರು ಮದುವೆಯಾಗಿ ಮೈಸೂರಿಗೆ ಬಂದರು. ಜ್ವರ ಅವರ ಬೆನ್ನು ಹತ್ತಿ ಬರಲಿಲ್ಲ. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಆರಂಭವಾಗಿ, ಡಿ.ಡಿ.ಟಿ. ಸಿಂಪಡಿಸುವವರು ಹಳ್ಳಿಹಳ್ಳಿಗೂ ಹೋಗಿ ಗೋಡೆಗಳ ಮೇಲೆ ತಾರೀಖು ಬರೆದು ಬಂದರು. ತಗಡೂರಿನಲ್ಲಿಯೂ ಚಳಿಜ್ವರ ಅಪರೂಪವಾಯಿತು. ಆದರೆ ತಾಯಿಯವರ ಗಡ್ಡೆ ಇದ್ದಲ್ಲಿಯೇ ಇದ್ದಿತು. ಕಣ್ಣಿನ ಬಿಳಿಯಲ್ಲಿ ಸದಾ ಒಂದು ತೆಳುವಾದ ಹಳದಿ. ಮೆಟ್ಟಿಲು ಹತ್ತಿದರೆ ಏದುಸಿರು. ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಕಾಮಾಲೆಯೆಂದು ಹೇಳಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವರು. ಒಂದು ತಿಂಗಳು ಎಣ್ಣೆ, ತುಪ್ಪ ಬಂದ್. 1972ರಲ್ಲಿ ಹೊಟ್ಟೆನೋವು ತಡೆಯಲಾರದೆ ಆಸ್ಪತ್ರೆಗೆ ಸೇರಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದು ತೆಗೆದರು. ಶಸ್ತ್ರವೈದ್ಯರು ಅವನ್ನು ಒಂದು ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು. ಮೆಣಸಿನಕಾಳಿನಂತೆ ಕರ್ರಗಿನ ಕಲ್ಲುಗಳು. ನಮ್ಮ ತಂದೆಯವರಿಗೆ ಯಾವುದನ್ನೂ ಎಸೆಯುವ ಅಭ್ಯಾಸವಿರಲಿಲ್ಲ. ಸೀಸೆ ಬಹುಕಾಲ ಬೀರುವಿನಲ್ಲಿ, ಹಳೆಯ ಕೊಡೆಯ ಹಿಡಿಗಳ ಪಕ್ಕದಲ್ಲಿ, ಇದ್ದಿತು. ಆ ಕಲ್ಲುಗಳ ಬಣ್ಣವೇ ಒಂದು ಸಾಕ್ಷ್ಯವೆಂಬುದು ನಮಗಾರಿಗೂ ಆಗ ತಿಳಿಯದು.

ನನ್ನ ಕಣ್ಣೂ ಪರೀಕ್ಷೆಯ ಕಾಲದಲ್ಲಿ, ಉಪವಾಸದ ದಿನಗಳಲ್ಲಿ ಹಳದಿಗೆ ತಿರುಗುತ್ತಿತ್ತು. ಕಾಲೇಜಿನಲ್ಲಿ ಸ್ನೇಹಿತರು ನನ್ನನ್ನು ಅರಿಶಿನ ಎಂದೇ ಕರೆದರು. ಬೇರೇನೂ ತೊಂದರೆಯಿಲ್ಲದೆ ಮೂವತ್ತೈದು ವರ್ಷ ಕಚೇರಿಯ ಕೆಲಸ ಮಾಡಿ ನಿವೃತ್ತನಾದೆ. ತಾಯಿಯವರು 1996ರಲ್ಲಿ ತೀರಿಕೊಂಡರು. ಮೂರು ಗೆರೆಗಳ ಕಥೆ ಅವರೊಡನೆಯೇ ಮುಗಿಯಿತೆಂದುಕೊಂಡಿದ್ದೆ.

2017ರ ಮಳೆಗಾಲದಲ್ಲಿ ನನ್ನ ಮೊಮ್ಮಗಳಿಗೆ ಜ್ವರ ಬಂದಿತು. ಮಗಳ ಮಗಳು, ಆರು ವರ್ಷ. ಶಾಲೆಯ ಅರ್ಧ ಮಕ್ಕಳಿಗೆ ಬಂದಿದ್ದ ಸಾಮಾನ್ಯ ಜ್ವರ. ಇತರರ ಮಕ್ಕಳೆಲ್ಲ ನಾಲ್ಕು ದಿನಗಳಲ್ಲಿ ಎದ್ದು ಓಡಾಡಿದರು. ಇವಳು ಮೇಲೇಳಲಿಲ್ಲ. ಐದನೆಯ ದಿನ ತುಟಿ, ಉಗುರು, ಅಂಗೈ ಎಲ್ಲವೂ ಸುಣ್ಣದ ಬಣ್ಣಕ್ಕೆ ಬಂದುವು. ಮನೆಯ ಹತ್ತಿರದ ವೈದ್ಯರೊಬ್ಬರು ಕಾಮಾಲೆ ಇರಬೇಕೆಂದು ಪಥ್ಯ ಹೇಳಿ ಕಳುಹಿಸಿದರು. ಅಂದು ರಾತ್ರಿ ಮಗು ಎದ್ದು ನೀರು ಕೇಳಿದವಳು ಲೋಟ ಹಿಡಿಯಲಾರದೆ ಕೈಬಿಟ್ಟಳು. ಅಳಿಯನೂ ನಾನೂ ಅವಳನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆವು. ಅವಳ ವಯಸ್ಸಿನ ಮಕ್ಕಳಲ್ಲಿ ಹನ್ನೆರಡರ ಆಸುಪಾಸು ಇರಬೇಕಾದ ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ಆ ರಾತ್ರಿ ಹನಿಹನಿಯಾಗಿ ಅವಳ ಮೈಗಿಳಿದ ರಕ್ತ ಯಾರದೋ ಗೊತ್ತಿಲ್ಲ. ಕೊಟ್ಟವರು ಎಲ್ಲಿದ್ದರೂ ಚೆನ್ನಾಗಿರಲಿ.

ಮರುದಿನ ರಕ್ತರೋಗಗಳ ವೈದ್ಯೆಯೊಬ್ಬರು ಬಂದರು. ಚಿಕ್ಕ ವಯಸ್ಸಿನವರು. ಮಗುವಿನ ಎಡಪಕ್ಕೆಯ ಕೆಳಗೆ ಬೆರಳುಗಳನ್ನಿಟ್ಟು, ಉಸಿರೆಳೆದುಕೋ ಪುಟ್ಟಾ ಎಂದರು. ಅವರ ಕೈ ನಿಂತ ಎಡೆಯನ್ನು ಕಂಡು ನನ್ನ ಎದೆ ಧಸಕ್ಕೆಂದಿತು.

"ನಿಮ್ಮ ಮನೆತನದಲ್ಲಿ ಯಾರಿಗಾದರೂ ಗುಲ್ಮ ದೊಡ್ಡದಾಗಿದ್ದುದುಂಟೆ? ಕಣ್ಣು ಹಳದಿಯಾಗುವುದು, ಚಿಕ್ಕ ವಯಸ್ಸಿಗೇ ಪಿತ್ತಕೋಶದಲ್ಲಿ ಕಲ್ಲು?"

ಮೂರು ಪ್ರಶ್ನೆಗಳಿಗೂ ಒಬ್ಬರದೇ ಹೆಸರು ನನ್ನ ಬಾಯಿಗೆ ಬಂದಿತು. ತಗಡೂರು, ಚಳಿಜ್ವರ, ಬರೆ, ಸೀಸೆಯೊಳಗಿನ ಕರಿಯ ಕಲ್ಲು ಎಲ್ಲವನ್ನೂ ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿ ಕೇಳಿದರು. ಬಳಿಕ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, "ನಿಮ್ಮ ರಕ್ತವನ್ನೂ ಸ್ವಲ್ಪ ಕೊಡಿ" ಎಂದರು.

ಆಕೆಗೆ ಮೊದಲು ಕುಡುಗೋಲು ಕಣದ ಕಾಯಿಲೆಯ ಸಂದೇಹವೂ ಇದ್ದಿತು. ನಮ್ಮ ಕಡೆಯ ವೈದ್ಯರಿಗೆ ಅದು ಸಹಜ. ನೀಲಗಿರಿಯ ಗಿರಿಜನರಲ್ಲಿ ಆ ಕಣಗಳಿವೆಯೆಂದು ಲೇಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು 1952ರಲ್ಲಿಯೇ ತೋರಿಸಿದ್ದರು; ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಿನ ಅಂಚಿನ ಸೋಲಿಗರು ಮುಂತಾದವರಲ್ಲಿಯೂ ಅದು ಉಂಟು. ಆ ಕಾಯಿಲೆಯಲ್ಲಿ ಗುಲ್ಮ ಬಾಲ್ಯದಲ್ಲಿಯೇ ಗಾಯಗೊಂಡು ಗಾಯಗೊಂಡು ಒಣಗಿದ ಅಂಜೂರದಂತೆ ಮುದುಡಿಹೋಗುವುದು. 2023ರಲ್ಲಿ ಕೇಂದ್ರ ಸರ್ಕಾರ ಅದರ ನಿರ್ಮೂಲನೆಗೆಂದೇ ರಾಷ್ಟ್ರೀಯ ಆಂದೋಲನವೊಂದನ್ನು ಆರಂಭಿಸಿತು. ಅದು ಬೇರೊಂದು ದೊಡ್ಡ ಕಥೆ. ನಮ್ಮ ಮಗುವಿನದು ಅದಲ್ಲವೆಂದು ಪರೀಕ್ಷೆ ಹೇಳಿತು.

ಮೂರನೆಯ ದಿನ ವೈದ್ಯೆ ನನ್ನನ್ನೂ ಮಗಳನ್ನೂ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅಂದು ಅವರು ಹೇಳಿದ್ದನ್ನು, ಆಮೇಲೆ ನಾನು ಅಲ್ಲಿ ಇಲ್ಲಿ ಓದಿಕೊಂಡದ್ದನ್ನು ಕೂಡಿಸಿ ಇಲ್ಲಿ ಹೇಳುತ್ತೇನೆ. ನಾನು ವೈದ್ಯನಲ್ಲ. ಮೊಮ್ಮಗಳ ಹೊಟ್ಟೆಯೊಳಗೆ ಏನಿದೆಯೆಂದು ತಿಳಿಯುವ ಗರಜು ಬಿದ್ದ ಮುದುಕ.

ನಮ್ಮ ಮೂಳೆಗಳ ಮಜ್ಜೆಯಲ್ಲಿ ಪ್ರತಿಯೊಂದು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹುಟ್ಟುತ್ತವೆ. ಪ್ರತಿಯೊಂದರ ಆಯುಸ್ಸು ಸುಮಾರು 120 ದಿನ. ಹುಟ್ಟಿದಷ್ಟೇ ಕಣಗಳು ಸಾಯಬೇಕಲ್ಲವೆ? ಆ ಸಾವುಗಳ ಲೆಕ್ಕ ನೋಡಿಕೊಳ್ಳುವವರಲ್ಲಿ ಮುಖ್ಯನಾದವನು ಗುಲ್ಮ. ಯಕೃತ್ತು ಅವನಿಗೆ ಹೆಗಲು ಕೊಡುತ್ತದೆ. ಆರೋಗ್ಯವಂತನಲ್ಲಿ ಈ ಗುಲ್ಮ ಒಂದು ಮುಷ್ಟಿಯಷ್ಟು, ತೂಕ ಸುಮಾರು 150 ಗ್ರಾಂ, ಪಕ್ಕೆಲುಬುಗಳ ಮರೆಯಲ್ಲಿ ಕೈಗೆ ಸಿಗದಂತೆ ಅಡಗಿರುತ್ತದೆ.

ಅದರೊಳಗಿನ ವ್ಯವಸ್ಥೆ ಸೊಗಸಾದುದು. ಮೈಯ ಉಳಿದೆಡೆಗಳಲ್ಲಿ ರಕ್ತ ನಾಳದಿಂದ ನಾಳಕ್ಕೆ ಹರಿಯುತ್ತದೆ. ಇಲ್ಲಿ ಮಾತ್ರ ಒಂದು ಪಾಲು ರಕ್ತ ನಾಳವನ್ನು ಬಿಟ್ಟು ಹೊರಬಂದು, ಸ್ಪಂಜಿನಂಥ ಇಕ್ಕಟ್ಟಿನ ಓಣಿಗಳಲ್ಲಿ ನಿಧಾನವಾಗಿ ಜಿನುಗಬೇಕು. ಮರಳಿ ನಾಳ ಸೇರಬೇಕಾದರೆ ಅದರ ಗೋಡೆಯಲ್ಲಿರುವ ಸೀಳುಗಳಲ್ಲಿ ನುಸುಳಬೇಕು. ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಸೀಳಿನ ಅಗಲವೋ, ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಕಣ ನಡುವೆ ತಗ್ಗಾದ ಬಿಲ್ಲೆಯ ಆಕಾರದ್ದು, ಅದರ ಪೊರೆ ಸಡಿಲವಾದುದು. ಆದ್ದರಿಂದ ಎಳೆಯ ಕಣ ಬಿಸಿ ಅಕ್ಕಿರೊಟ್ಟಿಯಂತೆ ಮಡಿಸಿಕೊಂಡು ಸೀಳಿನಲ್ಲಿ ತೂರಿ ಆಚೆ ಹೋಗಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಮುದಿ ಕಣದ ಮೈ ಒಣರೊಟ್ಟಿಯಂತೆ ಬಿರುಸು. ಮಡಿಯಲಾರದು. ಓಣಿಯಲ್ಲಿ ನಿಂತುಬಿಡುತ್ತದೆ. ಅಲ್ಲಿ ಕಾದು ಕುಳಿತಿರುವ ಭಕ್ಷಕ ಕಣಗಳು ಅದನ್ನು ನುಂಗಿಬಿಡುತ್ತವೆ.

ನುಂಗಿದ್ದೂ ವ್ಯರ್ಥವಲ್ಲ. ಹಿಮೋಗ್ಲೋಬಿನ್ನಿನಲ್ಲಿದ್ದ ಕಬ್ಬಿಣವನ್ನು ಬಿಡಿಸಿ ಮಜ್ಜೆಗೆ ಹಿಂದಿರುಗಿಸುತ್ತವೆ. ದಿನಕ್ಕೆ 20-25 ಮಿಲಿಗ್ರಾಂ. ನಾವು ಊಟದಿಂದ ಮೈಗೂಡಿಸಿಕೊಳ್ಳುವ ಕಬ್ಬಿಣ ಒಂದೆರಡು ಮಿಲಿಗ್ರಾಂ ಮಾತ್ರವೆಂದ ಮೇಲೆ ಈ ಉಳಿತಾಯವೇ ನಮ್ಮ ಸಂಸಾರದ ಮುಖ್ಯ ವರಮಾನ. ಮಿಕ್ಕ ಭಾಗ ಹಳದಿಯ ಬಿಲಿರೂಬಿನ್ ಆಗಿ ಪಿತ್ತದೊಡನೆ ಹೊರಟುಹೋಗುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಇದಕ್ಕೂ ಮಿಗಿಲಾದ ಇನ್ನೊಂದು ಕೆಲಸ. ಕೆಲವು ಕಣಗಳೊಳಗೆ ಬೇಡದ ಚೂರುಗಳು ಉಳಿದಿರುತ್ತವೆ: ಹುಟ್ಟುವಾಗ ಬಿಟ್ಟುಕೊಡಬೇಕಾಗಿದ್ದ ನ್ಯೂಕ್ಲಿಯಸ್ಸಿನ ತುಣುಕು, ಕೆಟ್ಟ ಹಿಮೋಗ್ಲೋಬಿನ್ನಿನ ಹರಳು, ಕೆಲವೊಮ್ಮೆ ಮಲೇರಿಯಾದ ಜೀವಿಯೇ. ಗುಲ್ಮ ಕಣವನ್ನು ಕೊಲ್ಲದೆ, ಸೀಳಿನಲ್ಲಿ ತೂರುವಾಗ ಆ ಚೂರನ್ನು ಮಾತ್ರ ಕಿತ್ತುಕೊಂಡು, ಕಣವನ್ನು ಹೋಗೆಂದು ಬಿಡಬಲ್ಲುದು. ತಾಯಿಯವರು ಮೊರದ ಮುಂದೆ ಕುಳಿತು ಅಕ್ಕಿ ಆರಿಸುತ್ತಿದ್ದುದು ನನಗೆ ನೆನಪಾಯಿತು. ಕಲ್ಲು ಒಂದು ಕಡೆ, ನೆಲ್ಲು ಒಂದು ಕಡೆ. ನೆಲ್ಲನ್ನೂ ಎಸೆಯದೆ ಉಗುರಿನಿಂದ ಸುಲಿದು ಅಕ್ಕಿಯನ್ನು ಮೊರಕ್ಕೇ ಹಾಕುವರು.

ಚಳಿಜ್ವರದಲ್ಲಿ ಗುಲ್ಮ ಏಕೆ ಉಬ್ಬುತ್ತದೆಯೆಂಬುದು ಈಗ ಓದುಗರಿಗೆ ಹೊಳೆದಿರಬೇಕು. ಜ್ವರದ ಜೀವಿ ಹೊಕ್ಕ ಕಣಗಳು ಲಕ್ಷೋಪಲಕ್ಷವಾಗಿ ಬರುತ್ತಿರುವಾಗ ಅದಕ್ಕೆ ಬಿಡುವೆಲ್ಲಿ? ಕೆಲಸ ಹೆಚ್ಚಿದಂತೆ ಮೈ ಬೆಳೆಸಿಕೊಳ್ಳುತ್ತದೆ. ತಗಡೂರಿನ ಮಕ್ಕಳ ಹೊಟ್ಟೆಯಲ್ಲಿ ಕಾಣುತ್ತಿದ್ದುದು ರೋಗವಲ್ಲ, ರೋಗದೊಡನೆ ಕುಸ್ತಿಗೆ ನಿಂತವನು. ಬರೆ ಬಿದ್ದದ್ದು ಅವನ ಮೇಲೆ.

ಇನ್ನು ನಮ್ಮ ಮಗುವಿನ ಕಣಗಳ ಮಾತು. ಸೂಕ್ಷ್ಮದರ್ಶಕದಲ್ಲಿ ಅವು ಬಿಲ್ಲೆಗಳಂತಿರಲಿಲ್ಲ; ನಡುವಿನ ತಿಳಿಬಣ್ಣದ ತಗ್ಗಿಲ್ಲದೆ ಚಿಕ್ಕ ಚಿಕ್ಕ ಉಂಡೆಗಳಂತಿದ್ದುವು. ಕಣದ ಪೊರೆಯನ್ನು ಒಳಗಿನಿಂದ ಬಿಗಿದಿಟ್ಟಿರುವ ಪ್ರೋಟೀನುಗಳ ಬಲೆಯಲ್ಲಿ ಹುಟ್ಟಿನಿಂದಲೇ ಎಲ್ಲಿಯೋ ಒಂದು ಎಳೆ ಸಡಿಲ. ಪೊರೆ ಚೂರುಚೂರಾಗಿ ಉದುರುತ್ತದೆ. ಮೇಲ್ಮೈ ಕಡಮೆಯಾದ ಕಣ ಗುಂಡಗಾಗದೆ ಬೇರೆ ದಾರಿಯಿಲ್ಲ. ಉಪ್ಪು ಕಡಮೆಯಾದ ನೀರಿನಲ್ಲಿ ಹಾಕಿದರೆ ಇತರರ ಕಣಗಳಿಗಿಂತ ಬೇಗ ಒಡೆಯುತ್ತದೆ. ರೊಟ್ಟಿಯನ್ನು ಮಡಿಸಬಹುದು, ಉಂಡೆಯನ್ನು ಮಡಿಸುವುದೆಂತು? ಹತ್ತು ದಿನದ ಎಳೆಯ ಕಣವೂ ಗುಲ್ಮದ ಕಣ್ಣಿಗೆ ಮುದಿಯಾಗಿಯೇ ಕಾಣುತ್ತದೆ. 120 ದಿನ ಬಾಳಬೇಕಾದದ್ದು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಮಜ್ಜೆ ಹಗಲಿರುಳೂ ದುಡಿದು ನಷ್ಟವನ್ನು ತುಂಬುತ್ತಿರುವವರೆಗೆ ಎಲ್ಲವೂ ಸರಿ. ಪಾರ್ವೊ ಎಂಬ ವೈರಸ್ಸು ಬಂದು ಮಜ್ಜೆಯ ಕಾರ್ಖಾನೆಯನ್ನು ಒಂದು ವಾರ, ಹತ್ತು ದಿನ ಮುಚ್ಚಿಸಿಬಿಟ್ಟರೆ? ಇತರ ಮಕ್ಕಳಿಗೆ ಅದು ತಿಳಿಯುವುದೂ ಇಲ್ಲ, ಅವರ ಕಣಗಳ ದಾಸ್ತಾನು ನಾಲ್ಕು ತಿಂಗಳಿನದು. ನಮ್ಮ ಮಗುವಿನ ದಾಸ್ತಾನು ಕೆಲವೇ ದಿನಗಳದು. ಅವಳು ಮಾತ್ರ ಮೇಲೇಳದೆ ಹೋದದ್ದು ಅದಕ್ಕೇ.

ಬೆಲ್ಜಿಯಮ್ಮಿನ ಇಬ್ಬರು ವೈದ್ಯರು 1871ರಲ್ಲಿಯೇ ವರ್ಣಿಸಿದ್ದ ಕಾಯಿಲೆ ಇದು. ತಂದೆ ಅಥವಾ ತಾಯಿಯೊಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನನ್ನ ರಕ್ತದಲ್ಲಿಯೂ ಉಂಡೆಗಳಿದ್ದುವು, ಮಗಳ ರಕ್ತದಲ್ಲಿಯೂ. ನಮ್ಮಿಬ್ಬರದು ಸೌಮ್ಯ, ಮಗುವಿನದು ತೀವ್ರ. ಒಂದೇ ಕುಟುಂಬದಲ್ಲಿ ಇಂಥ ವ್ಯತ್ಯಾಸಗಳೂ ಉಂಟಂತೆ.

ವರದಿಯನ್ನು ಕೈಯಲ್ಲಿ ಹಿಡಿದು ಬಂದ ದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತಗಡೂರಿನ ಎಷ್ಟೋ ಮಕ್ಕಳ ಹೊಟ್ಟೆ ಉಬ್ಬಿತ್ತು. ಬಹುಪಾಲು ಮಕ್ಕಳದು ಚಳಿಜ್ವರದಿಂದ. ಜ್ವರ ಹೋದ ಮೇಲೆ ಅವರ ಗುಲ್ಮ ಕ್ರಮೇಣ ಇಳಿದಿರಬೇಕು. ನಮ್ಮ ತಾಯಿಯವರದು ಇಳಿಯಲಿಲ್ಲ. ಹಳದಿಯೂ ಹೋಗಲಿಲ್ಲ. ಕಣಗಳು ಅತಿಯಾಗಿ ಒಡೆದಾಗ ಪಿತ್ತದಲ್ಲಿ ಕಟ್ಟುವ ಕಲ್ಲಿನ ಬಣ್ಣ ಕಪ್ಪು. ಎಲ್ಲರ ಎಡಪಕ್ಕೆಯಲ್ಲಿಯೂ ಒಂದೇ ಉಬ್ಬು ಕಾಣುತ್ತಿದ್ದ ಊರಿನಲ್ಲಿ ಒಬ್ಬಳ ಉಬ್ಬು ಬೇರೆಯದೆಂದು ಯಾರಿಗೆ ತಿಳಿದೀತು? ಬರೆ ಹಾಕಿದವನಿಗೆ ತಿಳಿಯಲಿಲ್ಲ; ಆಸ್ಪತ್ರೆಯವರಿಗೂ ತಿಳಿಯಲಿಲ್ಲ. ಬರೆ ಬಿದ್ದಾಗ ಅವರಿಗೆ ಆರು ವರ್ಷ. ಮೊಮ್ಮಗಳಿಗೂ ಆರು.

ಮನೆಯಲ್ಲಿ ದೊಡ್ಡ ಚರ್ಚೆ ಆರಂಭವಾಯಿತು. ಗುಲ್ಮವನ್ನು ತೆಗೆದುಬಿಟ್ಟರೆ ಕಣಗಳು ಗುಂಡಗಿದ್ದಂತೆಯೇ ಹೆಚ್ಚುಕಡಮೆ ಪೂರ್ಣಾಯುಸ್ಸು ಬಾಳುತ್ತವೆ, ರಕ್ತಹೀನತೆ ಹೋಗುತ್ತದೆ ಎಂದು ವೈದ್ಯೆ ಹೇಳಿದ್ದರು. ಅಳಿಯನಿಗೆ ತಡಮಾಡುವ ಮನಸ್ಸಿರಲಿಲ್ಲ. ವಿರೋಧಿಸಿದವನು ನಾನು. ತಪ್ಪು ಕಣದ್ದು, ಗುಲ್ಮ ತನ್ನ ಕರ್ತವ್ಯ ಮಾಡುತ್ತಿದೆ. ಒಮ್ಮೆ ನಮ್ಮ ಮನೆಯಲ್ಲಿ ಅದಕ್ಕೆ ಬರೆ ಹಾಕಿದ್ದಾಗಿದೆ, ಈಗ ಕೊಯ್ದು ಎಸೆಯುವುದೆ? ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಮಗಳು ಒಳಗಿನಿಂದ ಬಂದು, "ಅಪ್ಪಾ, ಇದು ನಿಮ್ಮ ಅಮ್ಮನ ವಿಷಯವಲ್ಲ, ನನ್ನ ಮಗಳ ವಿಷಯ" ಎಂದಳು. ಅವಳು ಹೇಳಿದುದು ಸರಿ. ಆದರೂ ಎರಡು ದಿನ ನಾನು ಅವಳೊಡನೆ ಸರಿಯಾಗಿ ಮಾತನಾಡಲಿಲ್ಲ.

ನನ್ನ ವಾದವನ್ನು ವೈದ್ಯೆಯ ಮುಂದೆಯೂ ಇಟ್ಟೆ. ಆಕೆ ನಗಲಿಲ್ಲ. ಗುಲ್ಮ ಪೂರ್ತಿ ನಿರಪರಾಧಿಯಲ್ಲ, ಒಂದೊಂದು ಸಲ ಹಾದುಹೋದಾಗಲೂ ಆ ದುರ್ಬಲ ಕಣದಿಂದ ಪೊರೆಯ ಇನ್ನೊಂದು ಚೂರು ಅಲ್ಲಿ ಕಳೆದುಹೋಗುತ್ತದೆ, ಗುಂಡಗಿರುವುದು ಇನ್ನೂ ಗುಂಡಗಾಗುತ್ತದೆ ಎಂದರು. ಆದರೆ ಅವಸರ ಬೇಡವೆನ್ನುವುದರಲ್ಲಿ ನನ್ನ ಪಕ್ಷವನ್ನೇ ಹಿಡಿದರು. ಗುಲ್ಮ ಕಣಗಳನ್ನು ಆರಿಸುವುದಷ್ಟೇ ಅಲ್ಲ, ರಕ್ತಕ್ಕಿಳಿದ ಕೆಲವು ಬ್ಯಾಕ್ಟೀರಿಯಗಳನ್ನೂ, ಅವುಗಳಲ್ಲಿ ನ್ಯುಮೋಕಾಕಸ್ ಮುಖ್ಯ, ಸೋಸಿ ತೆಗೆಯುತ್ತದೆ. ಅಮೆರಿಕದಲ್ಲಿ ಕಿಂಗ್ ಮತ್ತು ಶೂಮೇಕರ್ ಎಂಬ ವೈದ್ಯರು 1952ರಲ್ಲಿ ಐದು ಶಿಶುಗಳ ವೃತ್ತಾಂತ ಪ್ರಕಟಿಸಿದರು. ನಮ್ಮ ಮಗುವಿನ ಕಾಯಿಲೆಯೇ, ಎಳೆತನದಲ್ಲಿಯೇ ಗುಲ್ಮ ತೆಗೆದಿದ್ದರು. ಬಳಿಕ ಆ ಮಕ್ಕಳಿಗೆ ಭೀಕರವಾದ ಸೋಂಕು ತಗಲಿತು. ಅದುವರೆಗೆ ಗುಲ್ಮವಿಲ್ಲದಿದ್ದರೂ ನಡೆಯುತ್ತದೆಂದು ತಿಳಿದಿದ್ದ ವೈದ್ಯಲೋಕ ಅಂದಿನಿಂದ ಎಚ್ಚೆತ್ತಿತು. ಆರು ವರ್ಷ ದಾಟುವವರೆಗೆ ಸಾಧ್ಯವಾದಷ್ಟೂ ಕಾಯುವುದು, ಶಸ್ತ್ರಕ್ರಿಯೆಗೆ ಮೊದಲೇ ಲಸಿಕೆಗಳನ್ನು ಹಾಕುವುದು, ಇವು ಈಗಿನ ಕ್ರಮ.

ಎರಡು ವರ್ಷ ಕಾದೆವು. ದಿನಕ್ಕೊಂದು ಫೋಲಿಕ್ ಆಮ್ಲದ ಗುಳಿಗೆ. ಆ ಅವಧಿಯಲ್ಲಿ ಇನ್ನೆರಡು ಬಾರಿ ರಕ್ತ ಕೊಡಬೇಕಾಯಿತು. ಓಟದ ಪಂದ್ಯದಲ್ಲಿ ಅವಳು ಅರ್ಧದಲ್ಲಿ ಕುಳಿತುಬಿಡುವುದನ್ನು ಒಮ್ಮೆ ಶಾಲೆಯ ಬೇಲಿಯ ಹೊರಗಿನಿಂದ ನಾನೇ ಕಂಡೆ. ಅಂದು ಮನೆಗೆ ಬಂದು ನನ್ನ ವಿರೋಧವನ್ನು ಹಿಂತೆಗೆದುಕೊಂಡೆ.

2019ರ ಬೇಸಗೆ ರಜೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಹೊಟ್ಟೆಯನ್ನು ಉದ್ದಕ್ಕೆ ಸೀಳುವ ಕಾಲ ಹೋಯಿತು. ನಾಲ್ಕು ಸಣ್ಣ ತೂತುಗಳಲ್ಲಿ ದುರ್ಬೀನನ್ನೂ ಉಪಕರಣಗಳನ್ನೂ ಇಳಿಸಿ, ಗುಲ್ಮವನ್ನು ಒಳಗೇ ಚೀಲಕ್ಕೆ ಹಾಕಿ, ಪುಡಿಮಾಡಿ ಹೊರತೆಗೆದರು. ಕೆಲವರಿಗೆ ಅಕ್ಕಪಕ್ಕದಲ್ಲಿ ಬಟಾಣಿಯಷ್ಟರ ಮರಿ ಗುಲ್ಮಗಳೂ ಇರುತ್ತವಂತೆ. ಅವು ಉಳಿದರೆ ಬೆಳೆದು ಹಳೆಯ ಕೆಲಸಕ್ಕೇ ತೊಡಗಬಹುದೆಂದು ಹುಡುಕಿ ನೋಡಿದರು, ಇರಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ನಂಜುಂಡೇಶ್ವರನಿಗೆ ಏನೇನೋ ಹೇಳಿಕೊಂಡೆ. ಅವನು ವೈದ್ಯನೆಂದು ಟಿಪ್ಪುಸುಲ್ತಾನನೇ ಹಕೀಮ್ ನಂಜುಂಡ ಎಂದು ಕರೆದನೆಂಬ ಪ್ರತೀತಿಯಿದೆಯಲ್ಲ.

ಎರಡೇ ತಿಂಗಳಲ್ಲಿ ಹಿಮೋಗ್ಲೋಬಿನ್ ಹನ್ನೆರಡಕ್ಕೆ ಏರಿತು. ಕಣ್ಣು ಹಾಲಿನಂತೆ ಬೆಳ್ಳಗಾಯಿತು. ನಮ್ಮ ವಂಶದಲ್ಲಿ ಅಂಥ ಕಣ್ಣನ್ನು ನಾನು ಕಂಡದ್ದೇ ಅದು ಮೊದಲು. ವೈದ್ಯೆ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ಈಗ ನೋಡಿ" ಎಂದರು. ಉಂಡೆಗಳು ಹಾಗೆಯೇ ಇದ್ದುವು. ಆದರೆ ಅಲ್ಲೊಂದು ಇಲ್ಲೊಂದು ಕಣದೊಳಗೆ ಶಾಯಿಯ ಚುಕ್ಕೆಯಂಥ ಕಪ್ಪು ಬೊಟ್ಟು. ಹಿಂದೆ ಗುಲ್ಮ ಕಿತ್ತು ತೆಗೆಯುತ್ತಿದ್ದ ನ್ಯೂಕ್ಲಿಯಸ್ಸಿನ ತುಣುಕುಗಳು ಅವು. ಗುಲ್ಮವಿಲ್ಲದವರನ್ನು ಈ ಚುಕ್ಕೆಯಿಂದಲೇ ಗುರುತಿಸುತ್ತಾರಂತೆ. ಮೊರದ ಮುಂದೆ ಕೂರುವವರಿಲ್ಲದ ಮನೆಯ ಅಕ್ಕಿಯಲ್ಲಿ ಕಲ್ಲು ಉಳಿದಂತೆ. ಅವುಗಳಿಂದ ಅಪಾಯವೇನೂ ಇಲ್ಲ. ಆದರೂ ನಾನು ಬಹಳ ಹೊತ್ತು ನೋಡುತ್ತಿದ್ದೆ.

ಅಪಾಯವಿರುವುದು ಜ್ವರದಲ್ಲಿ. ಇತರರ ಮನೆಯಲ್ಲಿ ಮಗುವಿನ ಹಣೆ ಬೆಚ್ಚಗಾದರೆ ನಾಳೆ ನೋಡೋಣವೆನ್ನುತ್ತಾರೆ. ನಮ್ಮಲ್ಲಿ ಆ ಮಾತಿಲ್ಲ. ನಡುರಾತ್ರಿಯಾದರೂ ಆಸ್ಪತ್ರೆ. ಅವಳ ಶಾಲೆಯ ಚೀಲದಲ್ಲಿ ಗುಲ್ಮವಿಲ್ಲವೆಂದು ಬರೆದ ಚೀಟಿ ಸದಾ ಇರುತ್ತದೆ. ಮಲೇರಿಯಾ ಕೂಡ ಇಂಥವರಿಗೆ ಇಮ್ಮಡಿ ಅಪಾಯಕರ. ಕಳೆದ ವರ್ಷ ಮಂಗಳೂರಿನಲ್ಲಿ ನೆಂಟರ ಮದುವೆಗೆ ಹೊರಟಾಗ, 1990ರ ದಶಕದಿಂದ ಬಹುಕಾಲ ಆ ಊರನ್ನು ಮಲೇರಿಯಾ ಕಾಡಿದ್ದು ನೆನಪಾಗಿ, ಮಗಳು ಸೊಳ್ಳೆಪರದೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಮದುವೆಮನೆಯವರು ನಕ್ಕರು. ನಗಲಿ.

ಮೊನ್ನೆ ದಸರೆಯ ರಜೆಯಲ್ಲಿ ಎಲ್ಲರೂ ತಗಡೂರಿಗೆ ಹೋಗಿದ್ದೆವು. ತಾಯಿಯವರು ಹುಟ್ಟಿದ ಮನೆ ಈಗ ಬೇರೆಯವರದು. ಹೆಂಚು ಹೋಗಿ ತಾರಸಿ ಬಂದಿದೆ. ಜಗಲಿ ಮಾತ್ರ ಹಳೆಯದೇ. ಬರೆಯ ಕಥೆಯನ್ನು ಮೊಮ್ಮಗಳಿಗೆ ಅದುವರೆಗೆ ನಾವಾರೂ ಹೇಳಿರಲಿಲ್ಲ. ಆ ಜಗಲಿಯ ಮುಂದೆ ನಿಂತು ಹೇಳಿದೆ. ಕೇಳಿ ಅವಳು ಹೆದರಲಿಲ್ಲ. ಯಾರು ಕೈ ಹಿಡಿದುಕೊಂಡರು, ಯಾರು ಕಾಲು, ಎಷ್ಟು ಗೆರೆ ಎಂದು ವಿವರವಾಗಿ ಕೇಳಿ ತಿಳಿದುಕೊಂಡಳು.

"ಮುತ್ತಜ್ಜಿಗೆ ಮೂರು, ನನಗೆ ನಾಲ್ಕು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಮಂಪರಿನ ಔಷಧ ಕೊಟ್ಟಿರಲಿಲ್ಲವಾ ತಾತ?" ಎಂದು ಕೇಳಿದಳು.

ಕೊಟ್ಟಿರಲಿಲ್ಲವೆಂದೆ. ಅವಳು ಜಗಲಿಯ ಅಂಚನ್ನು ಒಮ್ಮೆ ಕೈಯಿಂದ ಸವರಿ ಕಾರಿನತ್ತ ನಡೆದಳು. ಹಿಂದಿರುಗುವಾಗ ನಂಜನಗೂಡಿನಲ್ಲಿ ರಸಬಾಳೆ ಕೊಳ್ಳಬೇಕೆಂದು ಅಳಿಯ ಗಾಡಿ ನಿಲ್ಲಿಸಿದ. ಒಂದು ಚಿಪ್ಪಿಗೆ ಅವನು ಕೇಳಿದ ಬೆಲೆಯನ್ನು ಕೇಳಿ ಮಗಳು ಅಂಗಡಿಯವನೊಡನೆ ಜಗಳಕ್ಕೆ ನಿಂತಳು.